ನಲ್ಲಿಯ ಮುಂದೆ ಎಲ್ಲರಿಗೂ ಒಂದು ಪಾಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ವಲಸೆಯನ್ನು ಕುರಿತವು. ತಮ್ಮ ಊರಿಗೆ ಬಂದವರ ಬಗ್ಗೆ ಬರೆದವರಿದ್ದಾರೆ; ತಾವೇ ಊರು ಬಿಟ್ಟು ಹೋಗಿ ಅಲ್ಲಿಂದ ಬರೆದವರೂ ಇದ್ದಾರೆ. ಆರು ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಹೆಸರು ಪ್ರಕಟಿಸಬಾರದೆಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರ ಹೆಸರುಗಳನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇನೆ. ನಮ್ಮ ಕಾಂಪೌಂಡಿನ ಹಿಂದೆ ತಗಡಿನ ಶೆಡ್ಡುಗಳಲ್ಲಿ ಹಲವಾರು ಕುಟುಂಬಗಳಿವೆ. ಕೆಲವರು ರಾಯಚೂರು, ಯಾದಗಿರಿ ಕಡೆಯವರು. ಕೆಲವರು ಒಡಿಶಾ, ಪಶ್ಚಿಮ ಬಂಗಾಳದವರು. ಸಂಜೆ ಕಸಕ್ಕೆ ಬೆಂಕಿ ಹಚ್ಚುತ್ತಾರೆ, ನೀರಿಗಾಗಿ ರಾತ್ರಿ ಜಗಳವಾಗುತ್ತದೆ. ಅವರನ್ನು ಎಬ್ಬಿಸಬೇಕೆಂದು ಪೊಲೀಸರಿಗೆ ಅರ್ಜಿ ಕೊಡಲು ನಮ್ಮ ಸಂಘ ತೀರ್ಮಾನಿಸಿದೆ. ಸಹಿ ಹಾಕಲು ನನಗೆ ಮನಸ್ಸಿಲ್ಲ, ಹೊಗೆಯನ್ನು ಸಹಿಸಲೂ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ಸಹಿ ಹಾಕಬೇಡಿ. ಆದರೆ ಸಹಿ ಹಾಕದೆ ಮನೆಗೆ ಬಂದು ಕುಳಿತರೆ ಹೊಗೆಯೂ ನಿಲ್ಲುವುದಿಲ್ಲ, ಅರ್ಜಿಯೂ ನಿಲ್ಲುವುದಿಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಅಲ್ಲಿರುವವರು ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರೆಂಬ ಮಾತು ಹರಡಿ ಗುಡಿಸಲುಗಳನ್ನು ಕೆಡವಿದರು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆ ಕ್ರಮವನ್ನು ಹೈಕೋರ್ಟ್ ತರಾಟೆಗೆ ತೆಗೆದುಕೊಂಡಿತು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಪ್ರಕರಣವನ್ನು ಹೇಳಿ. ದೂರದಿಂದ ನೋಡಿ ಹಾಕುವ ಸಹಿ ಯಾರ ಮನೆಯ ಮೇಲೆ ಬೀಳುತ್ತದೆಂಬುದು ಸಹಿ ಹಾಕಿದವರಿಗೆ ಗೊತ್ತಿರುವುದಿಲ್ಲ.

ಇನ್ನು ಕಸ ಮತ್ತು ನೀರಿನ ವಿಷಯ. ನಿಮ್ಮ ಅಪಾರ್ಟ್‌ಮೆಂಟಿಗೆ ದಿನವೂ ಬರುವ ಕಸದ ಗಾಡಿ ಆ ಶೆಡ್ಡುಗಳ ಮುಂದೆ ನಿಲ್ಲುತ್ತದೆಯೇ ಎಂದು ಮೊದಲು ನೋಡಿ. ಬಹುಪಾಲು ಇಂಥ ಕಡೆ ನಿಲ್ಲುವುದಿಲ್ಲ. ಗಾಡಿ ಬಾರದ ಜಾಗದಲ್ಲಿ ಕಸವನ್ನು ಸುಡುವುದಲ್ಲದೆ ಬೇರೆ ದಾರಿ ಇರುವುದಿಲ್ಲ. ವಾರ್ಡಿನ ಅಧಿಕಾರಿಗೆ ಕೊಡುವ ಅರ್ಜಿಯಲ್ಲಿ 'ಇವರನ್ನು ಎಬ್ಬಿಸಿ' ಎಂದು ಬರೆಯುವ ಬದಲು 'ಗಾಡಿಯನ್ನು ಇಲ್ಲಿಯೂ ನಿಲ್ಲಿಸಿ' ಎಂದು ಬರೆದರೆ ಅದೇ ಕಾಗದ, ಅದೇ ಸಹಿಗಳು ನಿಮ್ಮ ತೊಂದರೆಯನ್ನೂ ಅವರ ತೊಂದರೆಯನ್ನೂ ಒಟ್ಟಿಗೆ ಕಳೆಯುತ್ತವೆ. ಅಲ್ಲಿರುವವರು ಕಟ್ಟಡ ಕೆಲಸದವರಾಗಿದ್ದರೆ ಅವರಿಗೆ ಕುಡಿಯುವ ನೀರು, ಶೌಚಾಲಯ, ತಾತ್ಕಾಲಿಕ ವಸತಿ ಒದಗಿಸುವುದು ಕೆಲಸ ಕೊಟ್ಟವರ ಹೊಣೆಯೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಹೆಣ್ಣಾಳುಗಳು 50ಕ್ಕಿಂತ ಹೆಚ್ಚಿದ್ದರೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯೂ ಇರಬೇಕೆಂದು ಆ ಕಾಯ್ದೆ ಹೇಳಿತು. ಗುತ್ತಿಗೆದಾರನಿಗೆ ಇದನ್ನು ನೆನಪಿಸುವ ಧೈರ್ಯ ಒಡಿಶಾದ ಗಾರೆಯಾಳಿಗೆ ಇರುವುದಿಲ್ಲ. ಹೇಳಿದ ಮರುದಿನ ಅವನ ಕೆಲಸ ಹೋಗುತ್ತದೆ. ನಿವೃತ್ತ ಬ್ಯಾಂಕ್ ಉದ್ಯೋಗಿಯ ಪತ್ರಕ್ಕೆ ಗುತ್ತಿಗೆದಾರ ಉತ್ತರ ಕೊಡಲೇಬೇಕಾಗುತ್ತದೆ. ಆ ಅನುಕೂಲ ನಿಮಗಿದೆ, ಅದನ್ನು ಬಳಸಿ.

ರಾತ್ರಿಯ ಜಗಳದ ಬಗ್ಗೆ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಹೆಣ್ಣೂರಿನ ಆಚೆ ಇಂಥದೇ ಒಂದು ಶೆಡ್ ಸಾಲಿಗೆ ಭಾನುವಾರಗಳಂದು ಮಕ್ಕಳಿಗೆ ಕನ್ನಡ ಹೇಳಿಕೊಡಲು ಹೋಗುತ್ತಿದ್ದೆ. ಅಷ್ಟೂ ಮನೆಗೆ ಒಂದೇ ನಲ್ಲಿ, ನೀರು ಬರುವುದು ಒಂದೂವರೆ ಗಂಟೆ. ಹೆಂಗಸರು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗಲೇ ತಮ್ಮ ಜಾಗಕ್ಕೆ ಗುರುತು ಇಟ್ಟು ಹೋಗುತ್ತಿದ್ದರು: ತಳ ಒಡೆದ ಒಂದು ಕೊಡ, ಕೆಂಪು ರಿಬ್ಬನ್ ಸುತ್ತಿದ ಇಟ್ಟಿಗೆ, ತಂತಿಯ ಹಿಡಿ ಕಟ್ಟಿದ ಎಣ್ಣೆ ಡಬ್ಬ. ಸಂಜೆ ಬಂದಾಗ ಯಾರದೋ ಇಟ್ಟಿಗೆ ಹಿಂದಕ್ಕೆ ಸರಿದಿರುತ್ತಿತ್ತು, ಅಲ್ಲಿಂದ ಕೂಗಾಟ. ಒಂದು ಸಂಜೆ ರಾಯಚೂರು ಕಡೆಯ ಹೆಂಗಸೊಬ್ಬರು ಕೊಡವನ್ನು ಎದೆಗವುಚಿಕೊಂಡು 'ನಂದು ಪಾಳಿ ಐತಿ' ಎಂದು ಕೂಗಿದರು. ಎದುರಿಗಿದ್ದ ಒಡಿಶಾದ ಹೆಂಗಸು ಅಷ್ಟೇ ಜೋರಾಗಿ 'ಮೋ ಪಾಳಿ' ಎಂದರು. ಇಬ್ಬರೂ ಒಂದು ಗಳಿಗೆ ಸುಮ್ಮನಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಸರದಿಗೆ ಉತ್ತರ ಕರ್ನಾಟಕದಲ್ಲಿ ಪಾಳಿ ಎನ್ನುತ್ತಾರೆ, ಒಡಿಯಾದಲ್ಲೂ ಪಾಳಿಯೇ. ಬಂಗಾಳಿಯಲ್ಲಿ ಅದು ಪಾಲಾ. ಅಷ್ಟು ದಿನ ಜಗಳವಾಡಿದ್ದು ಒಂದೇ ಪದಕ್ಕಾಗಿ ಎಂಬುದು ಅವರಿಗೆ ಆಗ ತಿಳಿಯಿತು. ಮುಂದಿನ ಭಾನುವಾರ ನನ್ನ ತರಗತಿಯ ಹುಡುಗಿಯೊಬ್ಬಳು ಒಂದು ಸ್ಲೇಟಿನಲ್ಲಿ ಮನೆಗಳ ಸಂಖ್ಯೆ ಬರೆದು, ನಲ್ಲಿಯ ಪಕ್ಕದ ಕಂಬಕ್ಕೆ ಕಟ್ಟಿದಳು. ದಿನಕ್ಕೊಂದು ಮನೆಯಿಂದ ಪಾಳಿ ಶುರುವಾಗಬೇಕು, ನಿನ್ನೆ ಮೊದಲಿದ್ದವರು ಇಂದು ಕೊನೆಗೆ. ಜಗಳ ಪೂರ್ತಿ ನಿಂತಿತೆಂದು ಹೇಳಲಾರೆ. ಆದರೆ ಅದು ರಾಯಚೂರಿನವರಿಗೂ ಒಡಿಶಾದವರಿಗೂ ನಡುವಿನ ಜಗಳವಾಗಿ ಉಳಿಯಲಿಲ್ಲ, ಹದಿನಾಲ್ಕನೇ ಮನೆಗೂ ಹದಿನೈದನೇ ಮನೆಗೂ ನಡುವಿನದಾಯಿತು. ಆ ವ್ಯತ್ಯಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಿಮ್ಮ ಅಪಾರ್ಟ್‌ಮೆಂಟಿನ ಮನೆಗಳಲ್ಲಿ ಅಡುಗೆ ಮಾಡುವವರಲ್ಲಿ, ನೆಲ ಒರೆಸುವವರಲ್ಲಿ ಎಷ್ಟು ಜನ ಆ ಶೆಡ್ಡುಗಳಿಂದಲೇ ಬರುತ್ತಾರೆ ಎಂಬುದನ್ನೂ ಒಮ್ಮೆ ಎಣಿಸಿ ನೋಡಿ. ಅವರಲ್ಲಿ ಇಬ್ಬರು ಮೂವರನ್ನು ಸಂಘದ ಸಭೆಗೆ ಕರೆಯಿರಿ, ಕುರ್ಚಿ ಕೊಟ್ಟು ಕೂರಿಸಿ, ಅವರ ಮಾತು ಕೇಳಿ. ಅವರ ಪಡಿತರ ಚೀಟಿ ಊರಿನದಾದರೂ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು. ಇದು ಅನೇಕರಿಗೆ ಗೊತ್ತಿಲ್ಲ. ನೀವು ಒಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿಕೊಟ್ಟರೆ ಉಳಿದವರು ತಾವೇ ಹೋಗುತ್ತಾರೆ.

ಪ್ರಶ್ನೆ: ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ನಾನು. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಹನ್ನೊಂದು ಮಕ್ಕಳು ಈ ವರ್ಷ ಸೇರಿದ್ದಾರೆ. ಒಂದು ಮಾತೂ ಆಡದೆ ಗೋಡೆಗೆ ಒರಗಿ ಕೂರುತ್ತಾರೆ. ಕೆಲವರ ಬಳಿ ವರ್ಗಾವಣೆ ಪತ್ರವಿಲ್ಲ. ಇವರಿಂದ ನಮ್ಮ ಮಕ್ಕಳ ಪಾಠ ಹಿಂದೆ ಬೀಳುತ್ತದೆ ಎಂದು ಊರಿನ ಪೋಷಕರು ಹೇಳುತ್ತಿದ್ದಾರೆ.

ಉತ್ತರ: ಮೇಡಂ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನಾನು ಬೆಳೆದದ್ದೂ ಮಲೆನಾಡಿನ ತೋಟದಲ್ಲೇ. ನನ್ನ ತಂದೆ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ತೋಟದ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳ ತಮಿಳು ಮಕ್ಕಳು ನನ್ನ ಪಕ್ಕದಲ್ಲಿ ಹೀಗೆಯೇ ಗೋಡೆಗೆ ಒರಗಿ ಕೂರುತ್ತಿದ್ದರು. ಆ ಮೌನವನ್ನು ನಾವು ದಡ್ಡತನವೆಂದು ತಿಳಿದಿದ್ದೆವು. ಅದೇ ಮಕ್ಕಳು ಸಂಜೆ ಗಾಳಿಮರದ ಕೆಳಗೆ ಲೆಕ್ಕ ತಪ್ಪದೆ ಗೋಲಿ ಆಡುವುದನ್ನು ನೋಡಿದರೂ ನಮಗೆ ಬುದ್ಧಿ ಬರಲಿಲ್ಲ.

ದಾಖಲೆಯ ಚಿಂತೆ ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಉಳಿದವರ ಸಮಕ್ಕೆ ತರಲು ವಿಶೇಷ ತರಬೇತಿ ಕೊಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ.

ಪಾಠದ ವಿಷಯದಲ್ಲಿ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಸಾಧನವಿದೆ, ಅದು ನಲಿ-ಕಲಿ ಎಂಬ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಕಾಡಂಚಿನ ಶಾಲೆಗಳಿಗಾಗಿ ಅದನ್ನು ರೂಪಿಸಲು ತೊಡಗಿದಾಗ ಅವರ ಮುಂದಿದ್ದ ಮಕ್ಕಳಲ್ಲಿ ಅನೇಕರು ವರ್ಷದ ನಡುವೆ ಬಂದು ಹೋಗುವವರು, ಮನೆಯಲ್ಲಿ ಬೇರೆ ಮಾತಾಡುವವರು. ಆದ್ದರಿಂದಲೇ ಆ ಪದ್ಧತಿಯಲ್ಲಿ ಎಲ್ಲರೂ ಒಂದೇ ಪುಟದಲ್ಲಿ ಇರಬೇಕಾಗಿಲ್ಲ. ಮಗು ತಾನಿರುವ ಮೆಟ್ಟಿಲಿನಿಂದ ಹತ್ತುತ್ತದೆ, ತಟ್ಟೆ ಎಂದು ಕರೆಯುವ ಗುಂಪುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ತನ್ನದೇ ವೇಗದಲ್ಲಿ ಸಾಗುತ್ತದೆ. ಅಸ್ಸಾಮಿನ ಮಗುವನ್ನು ಶಿಕ್ಷಕರ ಸಹಾಯವಿರುವ ತಟ್ಟೆಯಲ್ಲೇ ತಿಂಗಳುಗಟ್ಟಲೆ ಇಡಬೇಡಿ. ಸಹಪಾಠಿಗಳ ನೆರವಿನಿಂದ ಕಲಿಯುವ ತಟ್ಟೆಯಲ್ಲಿ, ವಾಚಾಳಿಯಾದ ಒಂದು ಊರಿನ ಹುಡುಗಿಯ ಪಕ್ಕ ಕೂರಿಸಿ. ಮಕ್ಕಳಿಗೆ ಮಕ್ಕಳು ಕಲಿಸುವಷ್ಟು ಬೇಗ ನಾವು ಕಲಿಸಲಾರೆವು.

ಇನ್ನೊಂದು ಮಾತು. ಅಸ್ಸಾಮಿನಿಂದ ಬಂದವರೆಲ್ಲರ ಮನೆಮಾತು ಅಸ್ಸಾಮಿಯೇ ಎಂದು ತಿಳಿಯಬೇಡಿ. ಬಂಗಾಳಿ ಇರಬಹುದು, ಬೋಡೊ ಇರಬಹುದು, ಅಲ್ಲಿನ ಚಹಾ ತೋಟಗಳಲ್ಲಿ ಬೆಳೆದವರಾದರೆ ಸಾದ್ರಿಯೂ ಇರಬಹುದು. ಹನ್ನೊಂದು ಮಕ್ಕಳಲ್ಲಿ ಎರಡು ಮೂರು ಭಾಷೆಗಳಿದ್ದರೆ ಅವರು ತಮ್ಮತಮ್ಮಲ್ಲೂ ಮಾತಾಡದಿರುವುದಕ್ಕೆ ಅದೇ ಕಾರಣವಾಗಿರುತ್ತದೆ. ಒಂದು ಸಂಜೆ ಲೈನಿಗೆ ಹೋಗಿ ತಾಯಂದಿರನ್ನು ಕೇಳಿ. ಅನ್ನ, ಉಪ್ಪು, ಹಸಿವು, ಹೊಟ್ಟೆನೋವು, ಬಾತ್‌ರೂಮು, ಭಯ, ಇಂಥ ಇಪ್ಪತ್ತು ಪದಗಳನ್ನು ಅವರ ದನಿಯಲ್ಲೇ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ. ಬಿಸಿಯೂಟದ ಹೊತ್ತಿನಿಂದ ಶುರುಮಾಡುವುದು ಒಳ್ಳೆಯದು. ಅವರಲ್ಲಿ ಹೆಚ್ಚಿನವರು ಅನ್ನಕ್ಕೆ ಭಾತ್ ಎನ್ನುತ್ತಾರೆ, ನಮ್ಮ ಮಕ್ಕಳಿಗೆ ಬಿಸಿಬೇಳೆಭಾತ್ ಗೊತ್ತು. ಎರಡೂ ಕಡೆಯ ಮಕ್ಕಳು ಒಟ್ಟಿಗೆ ಹೇಳಬಲ್ಲ ಮೊದಲ ಪದ ಊಟದ ತಟ್ಟೆಯಲ್ಲೇ ಇದೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 2017ರಲ್ಲಿ ಆರಂಭವಾದ 'ರೋಶ್ನಿ' ಯೋಜನೆ ಬಹುಮಟ್ಟಿಗೆ ಈ ದಾರಿಯಲ್ಲೇ ನಡೆಯಿತು. ಬಂಗಾಳಿ, ಒಡಿಯಾ, ಹಿಂದಿ ಬಲ್ಲ ಸ್ವಯಂಸೇವಕರು ಶಾಲೆ ಶುರುವಾಗುವ ಮುನ್ನ ಮಕ್ಕಳ ಮನೆಮಾತಿನಲ್ಲಿ ಮಾತು ತೆಗೆದು, ಅಲ್ಲಿಂದ ಮೆಲ್ಲಗೆ ಮಲಯಾಳಂಗೆ ದಾಟಿಸಿದರು. ಬೆಳಗಿನ ತಿಂಡಿಯನ್ನೂ ಕೊಟ್ಟರು. ಕನ್ನಡದಲ್ಲಿ ಇದನ್ನು ಮಾಡಲು ಆದೇಶಕ್ಕೆ ಕಾಯಬೇಕಾಗಿಲ್ಲ. ಎರಡು ಮೂರು ವರ್ಷದಿಂದ ಇಲ್ಲಿರುವ ಅಸ್ಸಾಮಿನ ತರುಣಿಯೊಬ್ಬಳು ನಿಮ್ಮ ಸುತ್ತಲಿನ ಯಾವುದಾದರೂ ತೋಟದಲ್ಲಿ ಇದ್ದೇ ಇರುತ್ತಾಳೆ, ಸಂತೆಯ ಕನ್ನಡ ಅವಳಿಗೆ ಬಂದಿರುತ್ತದೆ.

ಊರಿನ ಪೋಷಕರಿಗೆ ಉಪದೇಶ ಮಾಡಬೇಡಿ, ಹಾಜರಿ ಪುಸ್ತಕ ತೋರಿಸಿ. ಮಲೆನಾಡಿನಲ್ಲಿ ಮಕ್ಕಳಿಲ್ಲದೆ ಎಷ್ಟು ಶಾಲೆಗಳ ಬಾಗಿಲು ಮುಚ್ಚಿದೆ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಈ ಹನ್ನೊಂದು ಹೆಸರುಗಳನ್ನು ತೆಗೆದರೆ ಶಾಲೆಯಲ್ಲಿ ಎಷ್ಟು ಉಳಿಯುತ್ತದೆ, ಶಿಕ್ಷಕರ ಹುದ್ದೆ ಉಳಿಯುತ್ತದೆಯೇ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿ. ಊರಿನ ಮಕ್ಕಳಿಗೆ ಊರಿನಲ್ಲೇ ಶಾಲೆ ಉಳಿದಿರುವುದಕ್ಕೆ ಅಸ್ಸಾಮಿನ ಮಕ್ಕಳೂ ಕಾರಣರೆಂದು ತಿಳಿದ ಮೇಲೆ ಮಾತಿನ ಧಾಟಿ ಬದಲಾಗುತ್ತದೆ. ಆ ಸಭೆಯಲ್ಲಿ ಅಸ್ಸಾಮಿನ ಒಬ್ಬ ತಾಯಿಯೂ ಕುಳಿತಿರಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕನ್ನಡಿಗ ನಾನು. ಅಂಗಡಿಯಲ್ಲಿ, ಆಟೊದಲ್ಲಿ, ಕಚೇರಿಯಲ್ಲಿ ಕನ್ನಡ ಕೇಳಿಸುತ್ತಿಲ್ಲ. ಸೌಹಾರ್ದದ ಮಾತೆಲ್ಲ ಕೊನೆಗೆ ಕನ್ನಡಿಗನ ತಲೆಯ ಮೇಲೇ ಬಂದು ನಿಲ್ಲುತ್ತದೆ. ಬಂದವರು ಕಲಿಯಬೇಡವೇ?

ಉತ್ತರ: ಕಲಿಯಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ನಿಮ್ಮ ನೋವು ಸುಳ್ಳಲ್ಲ, ಅದನ್ನು ಸಣ್ಣತನವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಹತ್ತು ವರ್ಷ ಇಲ್ಲಿ ದುಡಿದು, ಮನೆ ಕೊಂಡು, ಕೆಲಸದವರ ಜೊತೆಗೂ ಕನ್ನಡದಲ್ಲಿ ನಾಲ್ಕು ಮಾತಾಡಲಾರದೆ ಉಳಿಯುವುದು ನೆರೆಹೊರೆಗೆ ಮಾಡುವ ಅಗೌರವ.

ಆದರೆ ಯಾರು ಕಲಿಯುತ್ತಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ತರಕಾರಿ ಮಾರುವ ಬಿಹಾರದವನು ಆರು ತಿಂಗಳಿಗೆ 'ಎಷ್ಟು ಕೊಡ್ಲಿ, ಚಿಲ್ಲರೆ ಇಲ್ಲ' ಎನ್ನಲು ಕಲಿಯುತ್ತಾನೆ, ಏಕೆಂದರೆ ಕಲಿಯದಿದ್ದರೆ ಅವನ ಹೊಟ್ಟೆ ತುಂಬುವುದಿಲ್ಲ. ಕನ್ನಡದ ಅಗತ್ಯವೇ ಬೀಳದಂತೆ ಬದುಕು ಕಟ್ಟಿಕೊಳ್ಳಬಲ್ಲವರು ಹೆಚ್ಚು ಸಂಬಳದವರು. ಆದರೂ ನಮ್ಮ ಸಿಟ್ಟು ಮೊದಲು ತಗಲುವುದು ಸೆಕ್ಯೂರಿಟಿ ಗಾರ್ಡಿಗೆ, ಹೋಟೆಲಿನ ಮಾಣಿಗೆ. ಎದುರು ಉತ್ತರ ಕೊಡಲಾರದವನ ಮೇಲೆ ತೋರಿಸುವ ಸಿಟ್ಟಿನಿಂದ ಭಾಷೆಗೆ ಒಂದಕ್ಷರವೂ ಹೆಚ್ಚು ಸಿಗುವುದಿಲ್ಲ.

ಇನ್ನೊಂದು ನಮ್ಮ ಅಭ್ಯಾಸದ ವಿಷಯ. ಎದುರಿಗಿರುವವರು ಎರಡು ಪದ ತಡವರಿಸಿದರೆ ನಾವು ಕೂಡಲೇ ಅವರ ಭಾಷೆಗೋ ಹಿಂದಿಗೋ ಹಾರುತ್ತೇವೆ. ನಾಲ್ಕು ಭಾಷೆ ಬಲ್ಲೆವೆಂಬ ಹೆಮ್ಮೆ ನಮಗೆ ಇರಲಿ, ಆದರೆ ಕಲಿಯುವವನಿಗೆ ಬೇಕಾದದ್ದು ತಪ್ಪು ಕನ್ನಡವನ್ನು ತಾಳ್ಮೆಯಿಂದ ಕೇಳುವ ಕಿವಿ. ಕೇರಳದ ಸಾಕ್ಷರತಾ ಮಿಷನ್ 2017ರಲ್ಲಿ ಪೆರುಂಬಾವೂರಿನಲ್ಲಿ 'ಚಂಙಾತಿ' ಎಂಬ ಕಾರ್ಯಕ್ರಮ ತೆರೆಯಿತು, ಆ ಪದಕ್ಕೆ ಗೆಳೆಯ ಎಂದು ಅರ್ಥ. ಪ್ಲೈವುಡ್ ಕಾರ್ಖಾನೆಗಳ ಆ ಪಟ್ಟಣದಲ್ಲಿ ಹೊರರಾಜ್ಯದ ಕಾರ್ಮಿಕರಿಗೆಂದೇ ಮಲಯಾಳಂ ಪಠ್ಯವನ್ನು ಸಿದ್ಧಪಡಿಸಿ ಕಲಿಸತೊಡಗಿದರು. ನಮ್ಮಲ್ಲೂ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕನ್ನಡೇತರರಿಗಾಗಿ ಕಲಿಕಾ ಕೇಂದ್ರಗಳನ್ನು ನಡೆಸಿದೆ. ಆದರೆ ಹನ್ನೆರಡು ಗಂಟೆ ಗಾರೆ ಕೆಲಸ ಮಾಡಿದವನು ಬಸ್ ಹಿಡಿದು ಕೇಂದ್ರಕ್ಕೆ ಬರಲಾರ, ತರಗತಿಯೇ ಸೈಟಿಗೆ ಹೋಗಬೇಕು. ನಿಮ್ಮ ಬೀದಿಯ ಕನ್ನಡ ಸಂಘ ನವೆಂಬರಿನ ಆರ್ಕೆಸ್ಟ್ರಾಕ್ಕೆ ಖರ್ಚು ಮಾಡುವುದರಲ್ಲಿ ಕಾಲು ಭಾಗವನ್ನು ಒಂದು ಬೋರ್ಡು, ಒಂದು ಬಲ್ಬು, ವಾರಕ್ಕೆರಡು ಸಂಜೆಯ ತರಗತಿಗೆ ಇಟ್ಟರೆ ನಾನೇ ಬಂದು ಮೊದಲ ಪಾಠ ಹೇಳಿಕೊಡುತ್ತೇನೆ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಕನ್ನಡ ಬೆಳೆದದ್ದು ಹೊರಗಿನಿಂದ ಬಂದ ಮನೆಗಳನ್ನೂ ತನ್ನದಾಗಿಸಿಕೊಂಡು.

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು. ಹದಿನೆಂಟು ವರ್ಷದಿಂದ ಗೋವಾದ ಮಡಗಾಂವ್ ಕಡೆ ಗಾರೆ ಕೆಲಸ ಮಾಡುತ್ತೇನೆ. ಇವತ್ತಿಗೂ ನಮ್ಮನ್ನು ಘಾಟಿ ಎಂದು ಹೀಯಾಳಿಸುತ್ತಾರೆ. ಮಗಳು ಕೊಂಕಣಿ ಕಲಿತರೆ ಕನ್ನಡ ಮರೆಯುತ್ತಾಳೆ ಎಂದು ನಮ್ಮವರು, ಕನ್ನಡ ಬಿಡಿ ಎಂದು ಇಲ್ಲಿನವರು. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರವನ್ನು ಹಿಂದಿನ ಪತ್ರದ ಕೆಳಗೇ ಇಟ್ಟದ್ದು ಬೇಕೆಂದೇ. ಬೆಂಗಳೂರಿನಲ್ಲಿ ಬಂದವರ ಬಗ್ಗೆ ನಾವು ಆಡುವ ಮಾತುಗಳನ್ನೇ ಗೋವಾದಲ್ಲಿ ನೀವು ಕೇಳಿಸಿಕೊಳ್ಳುತ್ತಿದ್ದೀರಿ. 2004ರಲ್ಲಿ ವಾಸ್ಕೋದ ಬೈನಾ ಕಡಲತೀರದ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಬಹಳ ಮಂದಿ ಇದ್ದರು. ಗುಳೆ ಹೋಗುವುದು ಉತ್ತರ ಕರ್ನಾಟಕದ ಮನೆಮನೆಯ ಕಥೆ. ಮಳೆ ಕೈಕೊಟ್ಟ ವರ್ಷ ಮುದುಕರನ್ನು ಮನೆಯಲ್ಲಿ ಬಿಟ್ಟು, ಬಾಗಿಲಿಗೆ ಮುಳ್ಳು ಎಳೆದು ಹೊರಟ ಊರುಗಳು ಎಷ್ಟೋ.

ಮಗಳಿಗೆ ಎರಡೂ ಭಾಷೆ ಕೊಡಿ. ಶಾಲೆಯಲ್ಲೂ ಓಣಿಯಲ್ಲೂ ಕೊಂಕಣಿ ಕಲಿಯಲಿ, ಮನೆಯಲ್ಲಿ ನೀವು ಕನ್ನಡವನ್ನು ಬಿಡಬೇಡಿ. ಕೊಂಕಣಿ ನಮಗೆ ಪರಕೀಯವಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಅದು ಲಕ್ಷಾಂತರ ಜನರ ಮನೆಮಾತು, ಕರ್ನಾಟಕದಲ್ಲಿ ಅದನ್ನು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಮಗಳು ಶಾಲೆಯಲ್ಲಿ ಕಲಿತ ಕೊಂಕಣಿ ಪದ್ಯವನ್ನು ರಾತ್ರಿ ನೀವು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ; ಅವಳು ನಿಮಗೆ ಉಚ್ಚಾರಣೆ ಕಲಿಸುತ್ತಾಳೆ, ನೀವು ಅವಳಿಗೆ ಅಕ್ಷರ ಕಲಿಸಿದಂತಾಗುತ್ತದೆ.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳನ್ನು ನೆನೆಯಿರಿ. ದಕ್ಷಿಣ ಕನ್ನಡದಿಂದ ಹೋದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡದಲ್ಲಿ ಓದಿ, ಮುಂದೆ ಪದವಿಯವರೆಗೂ ಹೋದರು. ಬದುಕಿಗೆ ಬೇಕಾದ ಮರಾಠಿ, ಹಿಂದಿಯನ್ನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಕಲಿತರು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದು ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗಲೂ ಅವರು ಅಂಗಡಿ ಮುಚ್ಚಿ ಓಡಲಿಲ್ಲ. ದಿನವೂ ಅಲ್ಲಿ ಇಡ್ಲಿ ತಿನ್ನುತ್ತಿದ್ದ ಮರಾಠಿ ಗಿರಾಕಿ ಮರಳಿ ಬಂದ. ರಾಜ್ಯೋತ್ಸವ ಮಾಡಿ, ಆದರೆ ಪೆಂಡಾಲಿನಲ್ಲಿ ನೀವು ನೀವೇ ಇರಬೇಡಿ. ನೀವು ಮನೆ ಕಟ್ಟಿಕೊಟ್ಟವರಿಗೂ ಕರೆ ಹೋಗಲಿ, ಶೇಂಗಾ ಹೋಳಿಗೆ ಅವರ ಎಲೆಗೂ ಬೀಳಲಿ.

ಪ್ರಶ್ನೆ: ಬೈಲುಕುಪ್ಪೆಯ ಬಳಿ ನಮ್ಮ ಊರು. ಟಿಬೆಟಿನವರು ನಮ್ಮ ಪಕ್ಕದಲ್ಲಿ ಅರವತ್ತು ವರ್ಷದಿಂದ ಇದ್ದಾರೆ. ಇದು ಒಟ್ಟಿಗೆ ಬಾಳುವುದೋ, ಅಕ್ಕಪಕ್ಕ ಬಾಳುವುದೋ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಎರಡೂ ಹೌದು. ಮೈಸೂರು ರಾಜ್ಯ ಭೂಮಿ ಕೊಟ್ಟು 1960ರ ಹೊತ್ತಿಗೆ ಆ ಶಿಬಿರ ಶುರುವಾದಾಗ ಅದು ಆನೆ ಓಡಾಡುವ ಕಾಡು. ಹಿಮದ ನಾಡಿನಿಂದ ಬಂದವರಿಗೆ ಆ ಸೆಖೆಯೇ ಮೊದಲ ಕಷ್ಟ. ಅವರು ಮುಸುಕಿನ ಜೋಳ ಬೆಳೆದರು, ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರಿಗೆ ಹೋದರು, ಮಠಗಳನ್ನು ಕಟ್ಟಿದರು. ತಮ್ಮದೇ ಶಾಲೆ, ತಮ್ಮದೇ ಭಾಷೆಯಲ್ಲಿ ಬದುಕಿದ್ದು ನಾಡು ಕಳೆದುಕೊಂಡವರಿಗೆ ಉಳಿದ ಒಂದೇ ಆಸರೆ. ಅದನ್ನು ನಾನು ತಪ್ಪೆನ್ನಲಾರೆ. ಅವರಿರುವ ನೆಲ ಇಂದಿಗೂ ಗುತ್ತಿಗೆಯದು, ಅನೇಕರ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. ಆ ಅನಿಶ್ಚಿತತೆಯಲ್ಲಿ ಬೇರು ಇಳಿಸುವುದು ಸುಲಭವಲ್ಲ. ಅಕ್ಕಪಕ್ಕ ಬಾಳುವುದನ್ನು ಕಡಿಮೆಯೆಂದು ಎಣಿಸಬೇಡಿ. ನಿಮ್ಮ ಊರಿನವರು ಅವರ ಹೊಲದಲ್ಲಿ ದುಡಿದರು, ನಿಮ್ಮ ಅಂಗಡಿಗೆ ಅವರು ಬಂದರು. ನಿಮಗೆ ಇನ್ನಷ್ಟು ಹತ್ತಿರವಾಗಬೇಕೆಂಬ ಆಸೆಯಿದ್ದರೆ ಅವರ ಹೊಸವರ್ಷವಾದ ಲೋಸಾರ್ ಹಬ್ಬದ ದಿನ ಪರಿಚಯದ ಒಂದು ಮನೆಗೆ ಹೋಗಿ ಬನ್ನಿ, ಯುಗಾದಿಗೆ ಅವರನ್ನು ಕರೆಯಿರಿ.

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಮೂರು ತಲೆಮಾರಿನ ತಮಿಳು ಮನೆ. 1991ರ ಕಾವೇರಿ ಗಲಭೆಯಲ್ಲಿ ರಾತ್ರೋರಾತ್ರಿ ಮನೆ ಬಿಟ್ಟೆವು, ತಿಂಗಳ ನಂತರ ಹಿಂದಿರುಗಿದೆವು. ಇಂದಿಗೂ ಕಾವೇರಿಯ ಸುದ್ದಿ ಬಂದರೆ ನನ್ನ ತಾಯಿ ಬಾಗಿಲಿನ ಹೆಸರಿನ ಫಲಕವನ್ನು ತೆಗೆದು ಒಳಗಿಡುತ್ತಾರೆ. ಈ ಭಯ ಹೋಗುವ ದಾರಿ ಇದೆಯೇ?

ಉತ್ತರ: ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಆ ಡಿಸೆಂಬರಿನಲ್ಲಿ ನಡೆದದ್ದಕ್ಕೆ ಕನ್ನಡದವಳಾಗಿ ನನಗೆ ಇಂದಿಗೂ ಸಂಕಟವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಭಯ ತಾನಾಗಿ ಹೋಗುವುದಿಲ್ಲ, ಎದುರು ಪಕ್ಷದವರ ಮನೆಯಲ್ಲಿ ಉಂಡ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ಮಳೆ ಕೊರತೆಯಿಂದ ಎರಡೂ ರಾಜ್ಯಗಳು ಕುದಿಯುತ್ತಿದ್ದ ಹೊತ್ತಿನಲ್ಲಿ, 2003ರಲ್ಲಿ, ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ರೈತರು ಒಂದೇ ಮೇಜಿನ ಸುತ್ತ ಕುಳಿತರು. ತಮ್ಮನ್ನು 'ಕಾವೇರಿ ಕುಟುಂಬ' ಎಂದು ಕರೆದುಕೊಂಡರು, ಒಬ್ಬರ ಗದ್ದೆಗಳನ್ನು ಒಬ್ಬರು ಹೋಗಿ ನೋಡಿದರು. ನೀರು ಹಂಚುವ ಸೂತ್ರವನ್ನು ಅವರು ಕೊಡಲಾಗಲಿಲ್ಲ, ಅದು ನ್ಯಾಯಮಂಡಳಿಯ 2007ರ ತೀರ್ಪು, 2018ರ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲೇ ಇತ್ಯರ್ಥವಾಗಬೇಕಾಯಿತು. ಆದರೆ ಎದುರಿನವನೂ ಬಿರುಕು ಬಿಟ್ಟ ಗದ್ದೆಯ ಮುಂದೆ ನಿಂತಿರುವ ರೈತನೇ ಎಂದು ಕಂಡವನಿಗೆ ಬಸ್ಸಿಗೆ ಕಲ್ಲು ಹೊಡೆಯಲು ಕೈ ಏಳುವುದಿಲ್ಲ.

ಹೊರಗಿನಿಂದ ಬಂದವರ ಜೊತೆ ಬಾಳುವುದು ಬೆಂಗಳೂರಿಗೆ ಹೊಸದಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯ ದೇವಸ್ಥಾನದಿಂದ ಹೊರಡುವ ಕರಗವನ್ನು ಹೊರುವವರು ತಿಗಳರು, ತಮಿಳು ಸೀಮೆಯಿಂದ ಬಂದು ಈ ಊರಿನ ಹೂವು ತರಕಾರಿ ತೋಟಗಳನ್ನು ಬೆಳೆಸಿದವರು. ಆ ಕರಗ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ. ಊರಿನ ಬಹಳ ಹಳೆಯ ಹಬ್ಬಗಳಲ್ಲೊಂದನ್ನು ತಲೆಯ ಮೇಲೆ ಹೊತ್ತವರೇ ವಲಸೆ ಬಂದವರ ಮಕ್ಕಳು. ಇದನ್ನು ಅಮ್ಮನಿಗೆ ಓದಿ ಹೇಳಿ.

ಇನ್ನು ನೀವು ಮಾಡಬಹುದಾದ ಕೆಲಸ. 2012ರ ಆಗಸ್ಟಿನಲ್ಲಿ ತಮ್ಮ ಮೇಲೆ ಹಲ್ಲೆಯಾಗುತ್ತದೆಂಬ ಎಸ್ಸೆಮ್ಮೆಸ್ಸಿನ ಒಂದು ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಮುಸ್ಲಿಂ ಸಂಘಟನೆಗಳವರೂ ಸೇರಿ ಅನೇಕರು ನಿಲ್ದಾಣಕ್ಕೆ ಹೋಗಿ ಹೋಗಬೇಡಿರೆಂದು ಕೈಮುಗಿದು ಕೇಳಿಕೊಂಡರು. ಕೆಲವರು ನಿಂತರು, ಬಹಳ ಮಂದಿ ಹೊರಟೇಹೋದರು, ಏಕೆಂದರೆ ನಿಲ್ದಾಣದಲ್ಲಿ ಕೈಮುಗಿದವರ ಮುಖವನ್ನು ಅವರು ಅದೇ ಮೊದಲ ಸಲ ನೋಡುತ್ತಿದ್ದರು. ನಿಮ್ಮ ಬೀದಿಯಲ್ಲಿ ಹಾಗಾಗದಿರಲಿ. ಗಲಾಟೆಯಿಲ್ಲದ ಈ ದಿನಗಳಲ್ಲೇ ಎಡಬಲದ ಆರು ಮನೆಗಳ ಫೋನ್ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು, ಆರು ಮನೆಗೂ ಒಂದೊಂದು ಪ್ರತಿ ಕೊಡಿ. ಸುದ್ದಿ ಬಂದಾಗ ಮೊದಲು ಒಬ್ಬರಿಗೊಬ್ಬರು ಫೋನ್ ಮಾಡಿ, ಆಮೇಲೆ ಟಿವಿ ನೋಡಿ ಎಂದು ಮಾತಾಡಿಕೊಳ್ಳಿ. ಆ ಕಾಗದವನ್ನು ಅಮ್ಮನ ಕೈಯಲ್ಲೇ ಬರೆಸಿ, ಕನ್ನಡದಲ್ಲೂ ತಮಿಳಿನಲ್ಲೂ.